ಹುರುಳಿ ಹೊಲದ ಕಥೆಯ ಉಳಿದರ್ಧ

ರೋಗದ ಮೊದಲ ಲಕ್ಷಣವನ್ನು ನಾನು ವಾರಗಟ್ಟಲೆ ಕತ್ತರಿಸಿ ಎಸೆದೆ.

ಅದೊಂದು ಸಣ್ಣ ಸದ್ದು. ಉಗುಳು ನುಂಗುವಾಗ ಗಂಟಲಲ್ಲಿ ಆಗುವಂಥದ್ದು. ಬರಿಗಿವಿಗೆ ಕೇಳಿಸದು, ಹೆಡ್‌ಫೋನ್ ಹಾಕಿಕೊಂಡರೆ ಕೇಳಿಸುತ್ತಿತ್ತು. ಪ್ರತಿ ಉದ್ದ ವಾಕ್ಯಕ್ಕೂ ಮೊದಲು ನಾನು ಏನನ್ನೋ ನುಂಗುತ್ತಿದ್ದೆ. ಮೈಕು ಕೆಟ್ಟಿದೆ ಅಂದುಕೊಂಡೆ. ಆಮೇಲೆ ನನ್ನ ಓದುವ ರೀತಿಯೇ ಕೆಟ್ಟಿದೆ ಅಂದುಕೊಂಡೆ. ಕಂಪ್ಯೂಟರಿನ ಪರದೆಯ ಮೇಲೆ ಆ ಸದ್ದು ಒಂದು ಪುಟ್ಟ ಗುಬ್ಬಿಯಂತೆ ಕಾಣುತ್ತಿತ್ತು. ಗುರುತು ಹಾಕಿ ಅಳಿಸುತ್ತಿದ್ದೆ. ಅಳಿಸಿದ ಮೇಲೆ ದನಿ ಎಷ್ಟು ಶುದ್ಧವಾಗಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ನಾನು ಹಳೆಯ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದೆ. ಲೇಖಕರು ತೀರಿಕೊಂಡು ಬಹಳ ಕಾಲವಾಗಿ, ಹಕ್ಕು ಮುಗಿದು, ಎಲ್ಲರ ಸ್ವತ್ತಾಗಿರುವ ಕಥೆ, ಕವಿತೆಗಳು. ಇಂಟರ್ನೆಟ್ಟಿನಲ್ಲಿ ನಮ್ಮದೊಂದು ಚಿಕ್ಕ ಗುಂಪು. ಯಾರೂ ಯಾರನ್ನೂ ನೋಡಿರಲಿಲ್ಲ. ಯಾರಿಗೂ ಸಂಬಳವಿಲ್ಲ. ಯಾರು ಬೇಕಾದರೂ ಇಳಿಸಿಕೊಂಡು ಕೇಳಬಹುದು. ನಿಯಮಗಳು ಮಾತ್ರ ಕಟ್ಟುನಿಟ್ಟು. ಮೊದಲು ಪುಸ್ತಕದ ಹೆಸರು, ಆಮೇಲೆ ಓದುವವರ ಹೆಸರು, ಊರು ಹೇಳಬೇಕು. ಓದುತ್ತ ತಪ್ಪಿದರೆ ನಿಲ್ಲಬೇಕು, ಮೈಕಿನ ಹತ್ತಿರ ಚಿಟಿಕೆ ಹೊಡೆಯಬೇಕು, ಆ ವಾಕ್ಯವನ್ನು ಮತ್ತೆ ಮೊದಲಿನಿಂದ ಓದಬೇಕು. ಚಿಟಿಕೆ ಪರದೆಯ ಮೇಲೆ ತಾಳೆಮರದಂತೆ ಎದ್ದು ಕಾಣುತ್ತದೆ. ಎಲ್ಲಿ ಕತ್ತರಿಸಬೇಕೆಂದು ಹುಡುಕಬೇಕಾಗಿಲ್ಲ. ಎಲ್ಲ ಮುಗಿದ ಮೇಲೆ ಇನ್ನೊಬ್ಬರು ಪುಸ್ತಕವನ್ನು ಎದುರಿಗಿಟ್ಟುಕೊಂಡು ಪದಪದವನ್ನೂ ಕೇಳಿ ತಪ್ಪು ಹೇಳುತ್ತಾರೆ. ನನ್ನದನ್ನು ಕೇಳುತ್ತಿದ್ದವರು ತುಮಕೂರಿನ ಕಮಲಮ್ಮ ಎಂಬವರು. ಬಿಟ್ಟ ಪದ, ತಪ್ಪಿದ ಪದ, ಇಷ್ಟನ್ನೇ ಅವರು ಹೇಳಬಹುದು. ದನಿಯ ಬಗ್ಗೆ ಮಾತಾಡುವಂತಿಲ್ಲ. ಚೆನ್ನಾಗಿದೆ ಎಂದೂ ಹೇಳುವಂತಿಲ್ಲ. ಅದೂ ನಿಯಮವೇ.

ನಮ್ಮ ಮನೆ ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ. ರೈಲು ಬರುವ ಸುದ್ದಿ ಮೂರು ಭಾಷೆಗಳಲ್ಲಿ ನಮ್ಮ ಅಡಿಗೆಮನೆಗೇ ಬರುತ್ತದೆ. ಹಾಗಾಗಿ ಒಳಕೋಣೆಯಲ್ಲಿ ಕಬ್ಬಿಣದ ಅಲ್ಮೇರಾಕ್ಕೂ ಗೋಡೆಗೂ ನಡುವೆ ಒಂದು ಹಗ್ಗ ಕಟ್ಟಿ, ಮೇಲೆ ಎರಡು ದಪ್ಪ ಹೊದಿಕೆ, ರಜಾಯಿ, ಇಳಿಬಿಟ್ಟು, ಫ್ಯಾನ್ ಆರಿಸಿ ಕೂಡುತ್ತಿದ್ದೆ. ಆಗ ರಾಜ್ಯ ಬೇರೆಯಾಗಬೇಕು ಎಂಬ ಚಳವಳಿ ಜೋರಾಗಿತ್ತು. ಬಂದ್ ಆದ ದಿನ ಬಸ್ಸಿಲ್ಲ, ಹಾರ್ನಿಲ್ಲ, ಕೆಲವೊಮ್ಮೆ ರೈಲೂ ಇಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡಾಗ ನಾನು ಖುಷಿಯಿಂದ ಮೈಕು ಹಚ್ಚುತ್ತಿದ್ದೆ.

"ಅದೇನ ರಜಾಯಿ ಒಳಗ ಕೂತು ಬೇಯಾಕತ್ತೀ? ಯಾರ ಜೋಡಿ ಮಾತಾಡ್ತಿ?" ಎಂದು ಅವ್ವ ಹೊರಗಿನಿಂದ ಕೇಳುವಳು.

"ಸತ್ತವರ ಜೋಡಿ ಮಾತಾಡ್ತಾಳ ಬಿಡು. ಇದ್ದವ್ರು ಯಾರರ ಆಕೀ ಮಾತು ಕೇಳ್ತಾರೇನ?" ಎಂದು ಅಪ್ಪ ನಗುವರು.

ನಾನು ಹೆಚ್ಚು ಮಾತಾಡುವವಳಲ್ಲ. ಎಂ.ಎಸ್ಸಿ. ಓದುವಾಗಲೂ ಹಿಂದಿನ ಬೆಂಚು. ಆಮೇಲೆ ಸಂಶೋಧನಾ ಸಂಸ್ಥೆಯೊಂದರ ಲೈಬ್ರರಿಯಲ್ಲಿ ಕೆಲಸ. ಆದರೆ ರಜಾಯಿಯ ಒಳಗೆ ನನ್ನ ದನಿ ಬೇರೆ. ಅಲ್ಲಿ ನಾನು ರಾಜ, ಕಳ್ಳ, ಅತ್ತೆ, ಗಿಳಿ. ನನ್ನ ಬಗ್ಗೆ ನನಗೆ ಹೆಮ್ಮೆಯಿದ್ದದ್ದು ಅದೊಂದೇ. ಅದನ್ನು ಯಾರಿಗೂ ತೋರಿಸಿರಲಿಲ್ಲ.

ಗಂಟನ್ನು ಕಂಡುಹಿಡಿದವಳು ಶಾಂತಾ ಚಿಗವ್ವ, ಅವ್ವನ ತಂಗಿ. ಸುಲ್ತಾನ್ ಬಜಾರಿನ ಅಂಗಡಿಯೊಂದರಲ್ಲಿ ನೆಂಟರೊಬ್ಬರ ಮದುವೆಗೆಂದು ಸರ ನೋಡುತ್ತಿದ್ದೆವು. ಚಿಗವ್ವ ನನ್ನ ಕೊರಳಿಗೆ ಒಂದು ಸರ ಹಾಕಿ ಕನ್ನಡಿ ಹಿಡಿದಳು. ನಾನು ಉಗುಳು ನುಂಗಿದೆ. ಸರದ ಪದಕ ಮೇಲೆದ್ದು ಇಳಿಯಿತು.

"ಏ ರೇಣು, ಇನ್ನೊಮ್ಮಿ ನುಂಗು. ಇದೇನ ಇದು ಗಂಟು?"

ಅಂಗಡಿಯವನೂ ಬಗ್ಗಿ ನೋಡಿದ. ನಾನು ದುಪಟ್ಟಾ ಎಳೆದುಕೊಂಡೆ.

ಸ್ಕ್ಯಾನ್ ಆಯಿತು. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು. ಥೈರಾಯ್ಡಿನ ಎಡಭಾಗದಲ್ಲಿ ಗಂಟು. ರಿಪೋರ್ಟಿನಲ್ಲಿ ಹೌದೆಂದೂ ಇರಲಿಲ್ಲ, ಅಲ್ಲವೆಂದೂ ಇರಲಿಲ್ಲ. ಆ ಭಾಗವನ್ನು ತೆಗೆದು ಬಯಾಪ್ಸಿಗೆ ಕಳಿಸಿದರೇ ತಿಳಿಯುವುದು ಎಂದರು. ಸರ್ಜನ್ ನಡುವಯಸ್ಸಿನವರು, ಸೌಮ್ಯ ಮನುಷ್ಯ. ಚಿತ್ರ ಬರೆದು ತೋರಿಸಿದರು. ಥೈರಾಯ್ಡಿಗೆ ಅಂಟಿಕೊಂಡೇ ದನಿಯ ನರ ಹೋಗುತ್ತದೆ, ಎಷ್ಟು ಎಚ್ಚರ ವಹಿಸಿದರೂ ಕೆಲವರಲ್ಲಿ ಅದಕ್ಕೆ ಪೆಟ್ಟಾಗುತ್ತದೆ ಎಂದರು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು, ನೀವು ಹಾಡುತ್ತೀರಾ? ಪಾಠ ಮಾಡುತ್ತೀರಾ? ದನಿಯಿಂದ ಮಾಡುವ ಕೆಲಸ ಏನಾದರೂ?

ಇಲ್ಲ ಎಂದೆ.

ಅಪ್ಪ ಒಮ್ಮೆ ನನ್ನ ಮುಖ ನೋಡಿದರು. ಹಳೇ ಕಥೆ ಓದುತ್ತೇನೆ, ದುಡ್ಡಿಗಲ್ಲ, ಯಾರು ಕೇಳುತ್ತಾರೋ ಗೊತ್ತಿಲ್ಲ ಎಂದು ಆ ದೊಡ್ಡ ಡಾಕ್ಟರ ಎದುರು ಹೇಳಲು ನಾಚಿಕೆಯಾಯಿತು. ಹೇಳಿದ್ದರೂ ಆಪರೇಷನ್ ಬೇರೆ ಥರ ಆಗುತ್ತಿರಲಿಲ್ಲ. ಆದರೂ ಆ 'ಇಲ್ಲ'ವೇ ನಾನು ಗಟ್ಟಿ ದನಿಯಲ್ಲಿ ಆಡಿದ ಕೊನೆಯ ಮಾತುಗಳಲ್ಲೊಂದು ಎಂಬುದು ಈಗಲೂ ಮುಳ್ಳಿನಂತೆ ಇದೆ.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಪುಸ್ತಕದ ಕೊನೆಯ ಕಥೆಯನ್ನು ಓದುತ್ತಿದ್ದೆ. ಅರಮನೆಯ ಕುದುರೆಯೊಂದು ಒಬ್ಬ ಮುದುಕಿಯ ಹುರುಳಿ ಹೊಲವನ್ನು ಪೂರಾ ಮೇಯ್ದುಬಿಡುತ್ತದೆ. ಮುದುಕಿ ದೂರು ಹೇಳಲು ಅರಸನ ಬಳಿಗೆ ಹೊರಡುತ್ತಾಳೆ. ಬಾಗಿಲವನು ತಡೆಯುತ್ತಾನೆ. ಅಲ್ಲಿಗೆ ಮೊದಲ ಭಾಗ. ಅದನ್ನು ಕಳಿಸಿ, ಬಂದ ಮೇಲೆ ಉಳಿದರ್ಧ ಓದಿದರಾಯಿತೆಂದು ರಜಾಯಿ ಮಡಿಚಿಟ್ಟೆ.

ಎಚ್ಚರವಾದಾಗ ಬಾಯಿ ಒಣಗಿತ್ತು. ನೀರು ಎಂದೆ.

ದನಿ ಇರಲಿಲ್ಲ.

ಗಾಳಿ ಇತ್ತು. ತುಟಿ ಆಡುತ್ತಿತ್ತು. ನಡುವೆ ಇರಬೇಕಾದದ್ದು ಇರಲಿಲ್ಲ. ನರ್ಸ್ ಒಂದು ಚಮಚ ನೀರು ಹಾಕಿದಳು. ಅದು ಅಡ್ಡದಾರಿ ಹಿಡಿದು ನನ್ನನ್ನು ಮುಳುಗಿಸಿದಂತಾಯಿತು. ಹೊಲಿಗೆ ಹಿಡಿದುಕೊಂಡು ಕೆಮ್ಮಿದೆ. ಕೆಮ್ಮಿಗೂ ಸದ್ದಿರಲಿಲ್ಲ, ಊದಿದ ಹಾಗೆ.

ಕೆಲವು ದಿನ ಕಾದು ಮೂಗಿನಿಂದ ಸಣ್ಣ ಕ್ಯಾಮೆರಾದ ಸ್ಕೋಪ್ ಇಳಿಸಿ ನೋಡಿದರು. ಪರದೆಯ ಮೇಲೆ ನನಗೂ ಕಂಡಿತು. ದನಿ ಹುಟ್ಟಿಸುವ ಎರಡು ಬಿಳಿ ಪಟ್ಟಿಗಳು. 'ಈ' ಅನ್ನಿ ಎಂದರು. ಬಲಗಡೆಯದು ನಡುವಿಗೆ ಬಂದು ಕಾದು ನಿಂತಿತು. ಎಡಗಡೆಯದು ಅಲುಗಲಿಲ್ಲ. "ವೋಕಲ್ ಕಾರ್ಡ್ ಪಾಲ್ಸಿ. ನರ ಕತ್ತರಿಸಿಲ್ಲ, ಮಂಕಾಗಿದೆ," ಎಂದರು ಡಾಕ್ಟರು. ಬರಬಹುದು. ತಿಂಗಳುಗಳಾಗಬಹುದು. ಬರದೆಯೂ ಇರಬಹುದು.

ಬಯಾಪ್ಸಿ ರಿಪೋರ್ಟು ಅದೇ ವಾರ ಬಂತು. ಕ್ಯಾನ್ಸರ್ ಇರಲಿಲ್ಲ. ಅವ್ವ ಆಸ್ಪತ್ರೆಯ ಕಾರಿಡಾರಿನಲ್ಲೇ ಗೋಡೆಗೆ ಕೈಮುಗಿದಳು. ಅಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ನನ್ನ ಪಕ್ಕದ ಹಾಸಿಗೆಯಲ್ಲಿದ್ದ ನಲಗೊಂಡದ ಹೆಂಗಸಿಗೆ ಅದೇ ದಿನ ಬೇರೆಯೇ ರಿಪೋರ್ಟು ಬಂದಿತ್ತು. ಆಕೆ ನನ್ನ ಕೈ ಹಿಡಿದು "ಮಂಚಿದಮ್ಮಾ, ಮಂಚಿದಿ", ಒಳ್ಳೆಯದಾಯಿತು, ಎಂದಳು. ನನಗೆ ಸಂತೋಷವೇ ಆಗಲಿಲ್ಲ. ಜೀವ ಉಳಿಯಿತು ಎನ್ನುವ ಕಡೆ ನಾನು ಒಂದು ದನಿಗಾಗಿ ಅಳುತ್ತಿದ್ದೆ, ಅದೂ ಪುಕ್ಕಟೆ ಕಥೆ ಓದುವ ದನಿಗಾಗಿ. ಆ ಹೆಂಗಸಿನ ಕಡೆ ತಿರುಗಿ ಮಲಗಲು ನನ್ನಿಂದ ಆಗಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ನೀರು ಕುಡಿಯುವಾಗ ಗದ್ದ ಎದೆಗೆ ಒತ್ತಿಕೊಳ್ಳಬೇಕು. ಚಹಾ ಗುಟುಕು ಗುಟುಕಾಗಿ. ಸ್ಪೀಚ್ ಥೆರಪಿಯಲ್ಲಿ ಎರಡೂ ಕೈಗಳಿಂದ ಗೋಡೆಯನ್ನು ತಳ್ಳುತ್ತ 'ಆ' ಎನ್ನಬೇಕು. ತಲೆ ಎಡಕ್ಕೆ ತಿರುಗಿಸಿದರೆ ದನಿ ಸ್ವಲ್ಪ ಗಟ್ಟಿ. ಗೋಡೆ ತಳ್ಳುತ್ತ ತಲೆ ತಿರುಗಿಸಿ 'ಆ' ಎನ್ನುವ ಮಗಳನ್ನು ನೋಡಿ ಅವ್ವ ಕಿಟಕಿ ಮುಚ್ಚುತ್ತಿದ್ದಳು.

ಲೈಬ್ರರಿಯಲ್ಲಿ ಬಹಳ ದಿನ ಯಾರಿಗೂ ತಿಳಿಯಲಿಲ್ಲ. ಅಲ್ಲಿ ಎಲ್ಲರೂ ಪಿಸುಗುಟ್ಟುವವರೇ. ಹೊರಗೆ ಹಾಗಲ್ಲ. ಬೆಂಡೆಕಾಯಿಯ ಬೆಲೆ ಕೇಳಿದರೆ ತರಕಾರಿಯವಳು "ಏಮಮ್ಮಾ, ರಹಸ್ಯಮಾ?" ಎಂದು ನಕ್ಕಳು. ಆಟೋದವನು "ಕಾನ್ ಮೇ ಕ್ಯೂಂ ಬೋಲ್ತೇ ಅಮ್ಮಾ, ಜೋರ್ ಸೇ ಬೋಲೋ" ಎಂದು ಗಟ್ಟಿಯಾಗಿ ಹೇಳುವಂತೆ ಗದರಿದ. ಇನ್ನೊಬ್ಬ, ನಾನು ತನಗೇನೋ ಸಲಿಗೆ ತೋರಿಸುತ್ತಿದ್ದೇನೆ ಅಂದುಕೊಂಡು ಕನ್ನಡಿಯಲ್ಲಿ ಹಲ್ಲು ಕಿರಿದ. ಆಮೇಲೆ ನಾನು ಚೀಟಿ ಬರೆದುಕೊಂಡು ಹೋಗತೊಡಗಿದೆ. ಫೋನು ಅವ್ವನ ಪಾಲಾಯಿತು. ಅಕ್ಕಪಕ್ಕದವರಿಗೆ ಅವ್ವ ನೆಗಡಿ ಎಂದಳು. ತಿಂಗಳುಗಟ್ಟಲೆ ನನಗೆ ನೆಗಡಿ.

ಕಮಲಮ್ಮನವರ ಇಮೇಲ್ ಬಂತು. "ಹುರುಳಿ ಹೊಲದ ಎರಡನೆಯ ಭಾಗ ಯಾವಾಗ?" ಮೈಕು ಕೆಟ್ಟಿದೆ ಎಂದು ಬರೆದೆ. ಮತ್ತೆ ಕೇಳಿದಾಗ ಮನೆಯಲ್ಲಿ ಬಣ್ಣ ಹೊಡೆಸುತ್ತಿದ್ದೇವೆ ಎಂದು ಬರೆದೆ. ಸಮಯವಿಲ್ಲದಿದ್ದರೆ ಬೇರೆಯವರಿಗೆ ಕೊಡಬಹುದು, ಬೇಸರವಿಲ್ಲ ಎಂದು ಬರೆದರು. ಕೊಡಲೂ ಮನಸ್ಸು ಬರಲಿಲ್ಲ. ಓದಲೂ ಆಗಲಿಲ್ಲ. ಮುದುಕಿ ಬಾಗಿಲಲ್ಲೇ ನಿಂತಿದ್ದಳು.

ಹೆಡ್‌ಫೋನ್ ಹಾಕಿಕೊಂಡು ನನ್ನ ಹಳೆಯ ರೆಕಾರ್ಡಿಂಗುಗಳನ್ನು ಕೇಳುತ್ತಿದ್ದೆ. ಯಾರಾದರೂ ಬಂದರೆ ಪಟ್ಟನೆ ಮುಚ್ಚುತ್ತಿದ್ದೆ. ಮನುಷ್ಯಳೊಬ್ಬಳು ತನ್ನದೇ ದನಿಯನ್ನು ಕದ್ದು ಕೇಳುವುದಕ್ಕಿಂತ ನಾಚಿಕೆಗೇಡು ಏನಿದೆ?

ಇದೆ. ಅದು ಆಮೇಲೆ ಬಂತು.

ಚಿಗವ್ವ ಒಂದು ಸಂಬಂಧ ತಂದಳು. ರಾಯಚೂರು ಕಡೆಯವರು, ನಮ್ಮವರೇ. ಹುಡುಗನಿಗೆ ಶಂಶಾಬಾದಿನ ಏರ್‌ಪೋರ್ಟಿನಲ್ಲಿ ಕೆಲಸ, ಅಲ್ಲೇ ಮನೆ. ಜಾತಕ ಕೂಡಿತ್ತು. ಹುಡುಗನ ತಾಯಿಗೆ ಫೋನಿನಲ್ಲಿ ಹುಡುಗಿಯ ಜೋಡಿ ನಾಲ್ಕು ಮಾತಾಡಬೇಕಂತೆ. ಅವ್ವ ಗಾಬರಿಯಾದಳು. ಚಿಗವ್ವನಿಗೆ ಉಪಾಯ ಹೊಳೆಯಿತು.

"ಆಕಿ ಕಥಿ ಓದ್ಯಾಳಲ್ಲ ಇಂಟರ್ನೆಟ್ಟಿನ್ಯಾಗ, ಅದನ್ನ ಕಳಿಸಿದ್ರ ಆತು. ಹುಡುಗಿ ಭಾಳ ನಾಚ್ಕೀ, ಇದನ್ನ ಕೇಳ್ರಿ ಅಂತ ಹೇಳ್ತೀನಿ."

"ಬ್ಯಾಡ," ಎಂದೆ. ಯಾರಿಗೂ ಕೇಳಲಿಲ್ಲ. ಚಿಗವ್ವನ ತೋಳು ಹಿಡಿದು ಮತ್ತೆ ಹೇಳಿದೆ.

"ಯಾಕ ಬ್ಯಾಡ? ನಿನ್ನ ದನೀನ ಅಲ್ಲೇನ ಅದು? ಯಾರದರ ಕದ್ದು ತಂದೇವೇನ?"

  ಯಾರೋ ಆ ದನಿಯನ್ನು ಕೇಳುತ್ತಾರೆ, ಅದು ನನ್ನದೆಂದು ತಿಳಿಯುತ್ತಾರೆ ಎಂಬುದು ಒಳಗೆಲ್ಲೋ ಸಿಹಿಯಾಗಿಯೇ ಇತ್ತು. ಚಿಗವ್ವನ ತೋಳು ಬಿಟ್ಟೆ.

ಅವರು ಭಾನುವಾರ ಬಂದರು. ಹುಡುಗ, ಅವನ ತಾಯಿ ಗಂಗಮ್ಮ. ಅವ್ವ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮಾಡಿದ್ದಳು. ನನಗೆ ಕೊರಳು ಮುಚ್ಚುವ ಕುಪ್ಪಸ, ಮೇಲೆ ಸೆರಗು. ಗಂಗಮ್ಮ ಬಂದವರೇ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

"ನಮ್ಮ ಮಗಾ ಡ್ಯೂಟಿಗೆ ಹೋಗುಮುಂದ ಕಂಪ್ಯೂಟರ್ ಹಚ್ಚಿ ಕೊಟ್ಟು ಹೋಗ್ತಾನ. ಪಲ್ಯಾ ಹೆಚ್ಚಕೋತ ಎಲ್ಲಾ ಕಥೀನೂ ಕೇಳೀನವಾ. ಓದೂದು ಕೇಳಿದ್ರ ಯಾರೋ ಮೈಸೂರ ಕಡೀ ಹುಡುಗಿ ಅನಸ್ತೈತಿ. ನಮ್ಮ ಕಡೀಯಾಕೀನ ಅಂತ ತಿಳದು ಎಷ್ಟ ಖುಷಿ ಆತು ಅಂತೀ! ಆ ಕುದುರೀ ಕಥಿ ಯಾಕ ಅರ್ಧಕ್ಕ ಬಿಟ್ಟೀ? ಉಳಿದದ್ದು ಈಗ ಒಂದೀಟು ಓದು, ನಾನೂ ಕೇಳೇನು."

ಅವ್ವ ತಟ್ಟೆ ಹಿಡಿದು ಓಡಿ ಬಂದಳು. "ಗಂಟಲಾ ಕೆಟ್ಟೈತ್ರಿ ಆಕೀದು. ಹವಾ ಬದಲಿ ಆತಲ್ಲ, ಮ್ಯಾಲೆ ಉಪ್ಪಿನಕಾಯಿ ಬ್ಯಾರೆ ತಿಂದ್ಳು."

"ಉಪ್ಪಿನಕಾಯಿ ಯಾಕ ತಿಂದೀಯವಾ!" ಎಂದು ಗಂಗಮ್ಮ ನಿಜವಾಗಿ ಮರುಗಿದರು.

ನಾನು ತಲೆ ತಗ್ಗಿಸಿದೆ. ಏನಾದರೂ ಮಾಡಬೇಕೆಂದು ಚಹಾ ಎತ್ತಿಕೊಂಡೆ. ಗದ್ದ ಎದೆಗೆ ಒತ್ತುವುದನ್ನು ಮರೆತೆ. ಚಹಾ ಶ್ವಾಸಕ್ಕೆ ಹೋಯಿತು. ಆ ಸದ್ದಿಲ್ಲದ ಕೆಮ್ಮು ಶುರುವಾಯಿತು, ಕಣ್ಣಲ್ಲಿ ನೀರು, ಮೂಗಿನಲ್ಲಿ ಚಹಾ. ಹುಡುಗ ಗೋಡೆಯ ಕ್ಯಾಲೆಂಡರ್ ನೋಡಿದ. ಗಂಗಮ್ಮ ಬೆನ್ನು ಸವರಿದರು. "ಜೇಷ್ಠಮಧು ಕುದಿಸಿ ಕುಡಿಸ್ರಿ. ನಮ್ಮಲ್ಲಿ ಛಲೋದು ಐತಿ, ಕಳಿಸ್ತೀನಿ. ಮುಂದಿನ ವಾರ ದನಿ ಬರ್ತೈತಿ, ಆಗ ಮಾತಾಡೂಣು."

ಅಪ್ಪ ಪೇಪರ್ ಹಿಡಿದುಕೊಂಡೇ ಕೂತಿದ್ದರು. ಅದು ತಲೆಕೆಳಗಾಗಿರಲಿಲ್ಲ, ಆದರೆ ಒಂದು ಪುಟವೂ ಮಗುಚಲಿಲ್ಲ.

ಜೇಷ್ಠಮಧು ನಿಜವಾಗಿಯೂ ಬಂತು. ಯಾರದೋ ಕೈಯಲ್ಲಿ, ಬಟ್ಟೆಯ ಚೀಲದಲ್ಲಿ ಕಟ್ಟಿ ಕಳಿಸಿದ್ದರು. ಒಂದು ಹಿಡಿ ಕಡ್ಡಿಗಳು. ಅವ್ವ ಅದನ್ನು ಕುದಿಸಿದಳು. ಒಲೆಯ ಮುಂದೆ ನಿಂತವಳ ಬೆನ್ನು ನೋಡುತ್ತಿದ್ದೆ. ಅದರಿಂದ ನರ ಎದ್ದು ಬರುವುದಿಲ್ಲವೆಂದು ಅವ್ವನಿಗೂ ಗೊತ್ತಿತ್ತು.

"ಆಕಿ ಪ್ರೀತಿಲೆ ಕಳಿಸ್ಯಾಳ," ಎಂದರು ಅಪ್ಪ. "ಇದನ್ನ ಹ್ಯಾಂಗ ಕುಡಿಸ್ತಿ ನೀ?"

"ಮತ್ತೇನ ಚೆಲ್ಲಲೇನ?" ಎಂದಳು ಅವ್ವ.

ಗದ್ದ ಎದೆಗೆ ಒತ್ತಿ ಕುಡಿದೆ. ಸಿಹಿಯಾಗಿತ್ತು. ಆಸ್ಪತ್ರೆಯ ಯಾವ ಸೂಜಿಯೂ ಕೊಡದಿದ್ದ ಸಂಕಟವನ್ನು ಆ ಸಿಹಿ ಕೊಟ್ಟಿತು. ಅಲ್ಲಿಯವರೆಗೆ ನನ್ನ ನಾಚಿಕೆ ನನ್ನ ದೇಹದ್ದಾಗಿತ್ತು. ದೇಹ ನನ್ನನ್ನು ಕೇಳಿ ಏನನ್ನೂ ಮಾಡಿರಲಿಲ್ಲ. ಇದು ಹಾಗಲ್ಲ. ಇದನ್ನು ನಾನೇ ಗುಟುಕು ಗುಟುಕಾಗಿ ನುಂಗುತ್ತಿದ್ದೆ.

ಮುಂದಿನ ವಾರ ಫೋನ್ ಬಂದಾಗ ಅವ್ವ ಸ್ನಾನಕ್ಕೆ ಹೋಗಿದ್ದಳು. ಅಪ್ಪ ಮನೆಯಲ್ಲಿರಲಿಲ್ಲ. ಫೋನು ಬಹಳ ಹೊತ್ತು ಬಡಕೊಂಡಿತು. ಎತ್ತಿದೆ.

"ಹಲೋ."

"ಯಾರು? ಕೆಲಸದಾಕಿ ಏನವಾ? ಜರಾ ಅವ್ವಾರನ್ನ ಕರಿ." ಗಂಗಮ್ಮ.

ಕರೆಯಬಹುದಿತ್ತು. ಫೋನಿಟ್ಟು ಬಚ್ಚಲ ಬಾಗಿಲು ಬಡಿಯಬಹುದಿತ್ತು. ತಲೆ ಎಡಕ್ಕೆ ತಿರುಗಿಸಿದೆ.

"ನಾನ್ರೀ. ರೇಣುಕಾ."

"ಅಯ್ಯ! ಇನ್ನೂ ಗಂಟಲಾ ಸುಧಾರ್ಸಿಲ್ಲೇನ? ಜೇಷ್ಠಮಧು ಕುಡದೀಯೋ ಇಲ್ಲೋ?"

"ಕುಡದೀನ್ರಿ." ಉಸಿರು ತೆಗೆದುಕೊಂಡೆ. "ಇದು ನೆಗಡಿ ಅಲ್ರಿ. ಆಪರೇಷನ್ ಆಗೇತಿ." ಮತ್ತೆ ಉಸಿರು. "ದನೀ ನರಕ್ಕ ಪೆಟ್ಟು ಬಿದ್ದೈತಿ. ತಿರುಗಿ ಬರ್ತೈತೋ ಇಲ್ಲೋ ಡಾಕ್ಟರಿಗೂ ಗೊತ್ತಿಲ್ಲ." ಮತ್ತೆ. "ನೀವು ಕೇಳಿದ್ದು ಮೊದಲಿನ ದನಿ. ಈಗ ಇಷ್ಟ ಐತ್ರಿ."

ಆ ಕಡೆ ಕುಕ್ಕರ್ ಕೂಗಿತು. ಯಾರೂ ಆರಿಸಲಿಲ್ಲ. ಮತ್ತೊಮ್ಮೆ ಕೂಗಿತು.

"ಅವತ್ತ ಯಾಕ ಹೇಳಲಿಲ್ಲ?"

"ನಾಚ್ಕೀ ಆತ್ರಿ."

"ನಿಮಗ ನಾಚ್ಕೀ. ನಾ ಮಂದಿಗೆಲ್ಲಾ ಹೇಳ್ಕೊಂಡು ಬಂದೀನಲ್ಲವಾ, ಕಥಿ ಓದೋ ಸೊಸಿ ಬರ್ತಾಳ ಅಂತ. ಈಗ ನಾ ಯಾವ ಮುಖಾ ಹೊತ್ತು ತಿರಗಲಿ?"

 ನನ್ನ ಉಸಿರು ಮುಗಿದಿತ್ತು. ಫೋನಿಡುತ್ತಾರೆ ಅಂದುಕೊಂಡೆ. ಇಡಲಿಲ್ಲ.

"ಆ ಮುದುಕೀನ್ನ ಒಳಗ ಬಿಟ್ರೋ ಇಲ್ಲೋ?"

ನನಗೆ ತಕ್ಷಣ ತಿಳಿಯಲಿಲ್ಲ. "ಹಿಂದಿನ ಬಾಗಲಾಗಿಂದ ಬಿಟ್ರರಿ."

"ಬಿಟ್ರಾ! ಆಮ್ಯಾಲೆ ರಾಜಾ ಏನಂದ... ಬ್ಯಾಡ, ಹೇಳಬ್ಯಾಡ. ಹೇಳಿದ್ರ ರುಚಿ ಕೆಡ್ತೈತಿ. ಓದಿ ಹಾಕು, ಕೇಳ್ತೀನಿ." ಮತ್ತೆ, "ಸುಳ್ಳ ಹೇಳಿದ್ದು ಛಲೋ ಆಗಲಿಲ್ಲ ನೋಡವಾ," ಎಂದರು. ಆಮೇಲೆ ಫೋನಿಟ್ಟರು.

ಜಾತಕ ಕೂಡಲಿಲ್ಲ ಎಂದು ಎರಡು ದಿನ ಬಿಟ್ಟು ಚಿಗವ್ವನ ಮೂಲಕ ಹೇಳಿ ಕಳಿಸಿದರು. ಜಾತಕ ಎಂದೋ ಕೂಡಿತ್ತು. ನಮ್ಮ ಮಾನ ಉಳಿಸಲು ಅವರೂ ಒಂದು ಸುಳ್ಳು ಹೇಳಿದರು.

ಅವ್ವ ನನ್ನ ಜೋಡಿ ಮಾತು ಬಿಟ್ಟಳು. ಮೂರನೆಯ ದಿನ ಅನ್ನ ಬಡಿಸುತ್ತ ಹೇಳಿದಳು, "ನಿನ್ನ ದನಿಗೆ ನಾ ನಾಚ್ಕೊಂಡಿಲ್ಲ ರೇಣು. ಮಂದಿ ನಕ್ರ ನಿನಗ ಸಹಿಸೂದು ಆಗೂದಿಲ್ಲಂತ ಮುಚ್ಚಿಟ್ನಿ."

ಇರಬಹುದು. ನಾನೂ ನನಗೆ ಹಾಗೆಯೇ ಹೇಳಿಕೊಂಡಿದ್ದೆ.

ಮತ್ತೆ ಹಗ್ಗ ಕಟ್ಟಿದೆ. ರಜಾಯಿ ಇಳಿಬಿಟ್ಟೆ. ಮೊದಲ ಸಂಜೆ ಪುಸ್ತಕದ ಹೆಸರು ಹೇಳಿ, "ಓದುತ್ತಿರುವವರು ರೇಣುಕಾ, ಹೈದರಾಬಾದ್" ಎನ್ನುವುದರಲ್ಲೇ ನಿಂತೆ. ಯಾರೋ ಅಪರಿಚಿತಳು ನನ್ನ ಹೆಸರು ಹೇಳಿಕೊಳ್ಳುತ್ತಿದ್ದಾಳೆ ಅನಿಸಿತು. ಚಿಟಿಕೆ ಹೊಡೆದೆ. ಮತ್ತೆ ಹೇಳಿದೆ. ಮತ್ತೆ ಚಿಟಿಕೆ. ಪರದೆಯ ತುಂಬ ತಾಳೆಮರಗಳು. ಆ ದಿನ ಅಷ್ಟೇ.

ಹಳೆಯ ಕಾಲದ ಗದ್ಯ ನನ್ನಂಥವರಿಗಾಗಿ ಬರೆದದ್ದಲ್ಲ. ವಾಕ್ಯವೊಂದು ಅರ್ಧ ಪುಟ ಹೋಗುತ್ತದೆ, ಕ್ರಿಯಾಪದ ಕೊನೆಯಲ್ಲಿ ಮನೆ ಬಾಗಿಲಲ್ಲಿ ಕಾಯುವ ಹಿರಿಯರಂತೆ ಕೂತಿರುತ್ತದೆ. ಅಲ್ಲಿ ತಲುಪುವ ಮೊದಲೇ ನನ್ನ ಉಸಿರು ಮುಗಿಯುತ್ತಿತ್ತು. ನಾಲ್ಕು ಪದ, ಉಸಿರು. ಮೂರು ಪದ, ಉಸಿರು. ರಾಜನ ಮಾತು ಪಿಸುಮಾತಾಯಿತು. ಬಾಗಿಲವನ ಗದರಿಕೆಯೂ ಪಿಸುಮಾತು. ಮುದುಕಿಯ ಮಾತು ಮಾತ್ರ ಹೇಗೋ ಸರಿಹೋಯಿತು.

ಮೊದಲಿನ ಅಭ್ಯಾಸದಂತೆ ಉಸಿರುಗಳನ್ನು ಅಳಿಸಲು ಹೋದೆ. ಅಳಿಸಿದರೆ ಪದಗಳು ಒಂದರ ಮೇಲೊಂದು ಬಿದ್ದು ಯಂತ್ರ ಮಾತಾಡಿದಂತಾಯಿತು. ಉಸಿರು ತೆಗೆದರೆ ವಾಕ್ಯ ನಿಲ್ಲುವುದಿಲ್ಲ. ಹಾಗಾಗಿ ಬಿಟ್ಟೆ. ಧೈರ್ಯದಿಂದಲ್ಲ, ಬೇರೆ ದಾರಿಯಿರಲಿಲ್ಲ.

ಕಥೆ ಹೀಗೆ ಮುಗಿಯುತ್ತದೆ. ಅರಸ ಮುದುಕಿಯ ದೂರನ್ನು ಪೂರ್ತಿ ಕೇಳುತ್ತಾನೆ. ನ್ಯಾಯವಂತ. ಹುರುಳಿ ತಿಂದ ಕುದುರೆಯನ್ನೇ ಅವಳಿಗೆ ಕೊಟ್ಟುಬಿಡುತ್ತಾನೆ. ಮುದುಕಿ ಕುದುರೆ ಹಿಡಿದುಕೊಂಡು ಮನೆಗೆ ಬರುತ್ತಾಳೆ. ಈಗ ಅದಕ್ಕೆ ಹಾಕಲು ಹುರುಳಿ ಇಲ್ಲ.

ಮೊದಲು ಈ ಕೊನೆ ನನಗೆ ತಮಾಷೆಯಾಗಿ ಕಂಡಿತ್ತು. ಅವಳ ದೂರನ್ನು ಒಬ್ಬರು ಪೂರ್ತಿ ಕೇಳಿದರಲ್ಲ, ಮುದುಕಿಗೆ ಸಿಕ್ಕಿದ್ದು ಕಡಿಮೆಯೇನಲ್ಲ ಎಂದು ಈಗ ಅನಿಸುತ್ತದೆ.

ಕಮಲಮ್ಮನವರಿಗೆ ಕಳಿಸಿದೆ. ದನಿಯ ಬಗ್ಗೆ ಏನಾದರೂ ವಿವರಣೆ ಬರೆಯಬೇಕೆಂದು ಶುರುಮಾಡಿ ಅಳಿಸಿದೆ. ಆಪರೇಷನ್ ಎಂದು ಬರೆದೆ, ಅಳಿಸಿದೆ. ಕೊನೆಗೆ, ಮೈಕು ಕೆಟ್ಟಿರಲಿಲ್ಲ, ತಡವಾದದ್ದಕ್ಕೆ ಕ್ಷಮಿಸಿ ಎಂದಷ್ಟೇ ಬರೆದೆ. ಉತ್ತರ ಬರುವವರೆಗೆ ಲೈಬ್ರರಿಯಲ್ಲಿ ನನ್ನ ಕೈ ಕೆಲಸಕ್ಕೆ ಹತ್ತಲಿಲ್ಲ. ಕನಿಕರ ಬರುತ್ತದೆ ಎಂದು ಹೆದರಿದ್ದೆ. ಇದನ್ನು ಹಾಕಲಾಗದು ಎಂದು ಬಂದರೆ ಅದನ್ನಾದರೂ ತಡೆದುಕೊಂಡೇನು ಅನಿಸಿತ್ತು.

ಬಂದದ್ದು ಇಷ್ಟು:

"ಮುದುಕಿ ಒಳಗೆ ಹೋಗುವಲ್ಲಿ 'ಹಿತ್ತಲ' ಬಿಟ್ಟಿದೆ. 'ಹಿತ್ತಲ ಬಾಗಿಲಿಂದ ಒಳಹೊಕ್ಕು' ಎಂದಿರಬೇಕು. ಉಳಿದದ್ದು ಸರಿ."

ಮತ್ತೆ ಮತ್ತೆ ಓದಿದೆ. ಕೆಳಗೆ ಏನಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ಅವರು ಕೇಳಿಯೇ ಇದ್ದರು, ಪದಪದವನ್ನೂ, ಉಸಿರುಸಿರನ್ನೂ. ಮೊದಲ ಭಾಗವನ್ನು ಕೇಳಿದ್ದವರೂ ಅವರೇ. ಕಥೆಯ ನಡುವೆ ಓದುವವಳು ಬದಲಾದಂತಿದೆ ಎಂದು ಅವರಿಗೆ ಗೊತ್ತಾಗದೇ ಇರಲು ಸಾಧ್ಯವಿಲ್ಲ. ಆದರೂ ನಾನು ಒಂದು ಪದ ಬಿಟ್ಟಿದ್ದೆ, ಅದನ್ನು ಹೇಳಿದರು. ಎಲ್ಲರಿಗೂ ಹೇಳುವ ಹಾಗೆ. ಆಪರೇಷನ್ ಆದಂದಿನಿಂದ ಮೊದಲ ಸಲ ಯಾರೋ ನನ್ನನ್ನು ಬರೀ ತಪ್ಪು ಮಾಡಿದವಳಂತೆ ನೋಡಿದ್ದರು. ರಜಾಯಿಯ ಒಳಗೆ ಹೋಗಿ ಅತ್ತೆ. ಅದಕ್ಕೂ ಸದ್ದಿರಲಿಲ್ಲ.

ಈಗ ದನಿ ಸ್ವಲ್ಪ ಮೇಲು. ಒಂದು ಉಸಿರಿಗೆ ಆರೇಳು ಪದ ಬರುತ್ತವೆ. ಎಡಗಡೆಯ ಪಟ್ಟಿ ಕೊಂಚ ಅಲುಗಿದಂತಿದೆ ಎಂದು ಹೋದ ಸಲ ಡಾಕ್ಟರು ಹೇಳಿದರು, ಖಚಿತವಾಗಿ ಅಲ್ಲ. ಬರದಿದ್ದರೆ ಇಂಜೆಕ್ಷನ್ ಇದೆಯಂತೆ. ಕಾಯುತ್ತಿದ್ದೇವೆ. ತರಕಾರಿಯವಳಿಗೆ ನಿಜ ಹೇಳಿದ್ದೇನೆ. ಅವಳು ಈಗ ನನ್ನ ಕಡೆ ಬಗ್ಗಿ ಕೇಳುತ್ತಾಳೆ. ಆಟೋದಲ್ಲಿ ಇನ್ನೂ ಚೀಟಿಯೇ. ನಾಚಿಕೆ ಹೋಗಿಲ್ಲ. ಅದಕ್ಕೆ ಮನೆಯಲ್ಲಿ ಒಂದು ಜಾಗವಾಗಿದೆ, ಅಷ್ಟೇ. ಗಂಗಮ್ಮ ಕೊನೆಯ ಭಾಗ ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಪಲ್ಯ ಹೆಚ್ಚುತ್ತ ಕೇಳಿರಲಿ ಎಂದು ಆಸೆ.

ಆ ಒಂದು ವಾಕ್ಯವನ್ನು ಮತ್ತೆ ಓದಿ ಸೇರಿಸಬೇಕಿತ್ತು. ಕಮಲಮ್ಮನವರ ಉತ್ತರ ಬಂದ ಮರುದಿನ ಸಂಜೆ ಫ್ಯಾನ್ ಆರಿಸಿ ಕೂತೆ. ಸ್ಟೇಷನ್ನಿನ ಗದ್ದಲ ತಗ್ಗುವವರೆಗೆ ಕಾದೆ. "ಹಿತ್ತಲ ಬಾಗಿಲಿಂದ ಒಳಹೊಕ್ಕು" ಎಂದು ಶುರುಮಾಡಿದ್ದೆ, ಹೊರಗೆ ಪಕ್ಕದ ಮನೆಯವರ ದನಿ ಕೇಳಿತು. ಬಟ್ಟಲು ಕೊಡಲು ಬಂದಿದ್ದರು. ಗಟ್ಟಿಯಾಗಿ ಮಾತಾಡುವವರು. ಅವರಿಗೆ ನಾನು ಇನ್ನೂ ನೆಗಡಿಯ ಹುಡುಗಿ.

ಅವ್ವನ ದನಿ ಬಂತು.

"ಮೆಲ್ಲಕ ಮಾತಾಡ್ರಿ. ನಮ್ಮ ರೇಣು ಒಳಗ ಓದಾಕತ್ತಾಳ. ಆಪರೇಷನ್ ಆದಾಗಿಂದ ಆಕೀ ದನಿ ಸಣ್ಣದಾಗೇತಿ. ನಾವು ಸುಮ್ನಾದ್ರ ಕೇಳಸ್ತೈತಿ."

ಹೊರಗೆ ಎಲ್ಲ ಸುಮ್ಮನಾಯಿತು.

ನಾನು ಚಿಟಿ​ಕೆ ಹೊಡೆದು, ವಾಕ್ಯವನ್ನು ಮತ್ತೆ ಮೊದಲಿನಿಂದ ಓದಿದೆ. ಅವ್ವನ ಮಾತೂ ರೆಕಾರ್ಡ್ ಆಗಿತ್ತು, ದೂರದಿಂದ, ರಜಾಯಿಯಾಚೆಯಿಂದ. ನಿಯಮದ ಪ್ರಕಾರ ಕತ್ತರಿಸಲೇಬೇಕು. ಕತ್ತರಿಸಿದೆ.

ಎಸೆಯಲಿಲ್ಲ.